ಡಿ ಡ್ರೈವ್‌ನ ಮಕ್ಕಳು

ಕಳೆದ ತಿಂಗಳು ರಬಾಳೆಯ ನಮ್ಮ ಆಫೀಸಿನಲ್ಲಿ ಒಂದು ಹಳೆಯ ಸಿಪಿಯುವಿನ ಬಾಗಿಲು ಬಿಚ್ಚಿದಾಗ ಗಪ್ಪೆಂದು ಇಂಗಿನ ವಾಸನೆ ಬಂತು. ಹಳೆಯ ಕಂಪ್ಯೂಟರುಗಳನ್ನೆಲ್ಲ ಒಂದು ಆಪರೇಟಿಂಗ್ ಸಿಸ್ಟಮ್‌ನಿಂದ ಇನ್ನೊಂದಕ್ಕೆ ಬದಲಾಯಿಸುವ ಕೆಲಸ ನಡೆದಿತ್ತು. ಅದು ಯಾರೋ ಎರಡು ಮೂರು ವರ್ಷ ಮನೆಯಲ್ಲಿಟ್ಟುಕೊಂಡು ಕೆಲಸ ಮಾಡಿ ವಾಪಸು ತಂದಿದ್ದ ಯಂತ್ರ. ಅಡುಗೆಮನೆಯ ಪಕ್ಕದಲ್ಲೇ ಇಟ್ಟಿದ್ದರೇನೋ. ಒಗ್ಗರಣೆಯ ಹೊಗೆ ಫ್ಯಾನಿನ ಸಂದಿಯಿಂದ ಒಳಗೆ ಹೋಗಿ, ಧೂಳಿನ ಜೊತೆ ಸೇರಿ, ತಂತಿಗಳಿಗೆಲ್ಲ ಜಿಡ್ಡಾಗಿ ಅಂಟಿಕೊಂಡಿತ್ತು. ಬ್ಲೋವರ್ ಕೈಯಲ್ಲಿ ಹಿಡಿದವಳು ಹಾಗೇ ಕೂತುಬಿಟ್ಟೆ. ಇಂಥದೇ ವಾಸನೆಯ ಇನ್ನೊಂದು ಸಿಪಿಯುವನ್ನು ನಾನು ಬಿಚ್ಚಿದ್ದೆ... ಕೋಪರಖೈರಣೆಯಲ್ಲಿ, ಹನ್ನೊಂದು ವರ್ಷಗಳ ಹಿಂದೆ.

ಆಗ ನನಗೆ ಇಪ್ಪತ್ತಮೂರು. ಅಪ್ಪ ವಾಶಿಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಮನೆಯಲ್ಲಿ ತುಳು, ಕಟ್ಟಡದಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ. ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ಹಾರ್ಡ್‌ವೇರ್ ಕೋರ್ಸ್ ಮಾಡಿ, ಕೋಪರಖೈರಣೆ ಸ್ಟೇಷನ್ ಹತ್ತಿರದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಸ್ಕ್ರೂಡ್ರೈವರ್ ಹಿಡಿದ ಹುಡುಗಿಯನ್ನು ನೋಡಿ ಕೆಲವು ಗಿರಾಕಿಗಳು ಒಳಗಡೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಇಣುಕುತ್ತಿದ್ದರು. ಅದಕ್ಕೇ ಇರಬೇಕು, ನನಗೆ ಎಲ್ಲ ಗೊತ್ತಿದೆ ಎಂದು ತೋರಿಸಿಕೊಳ್ಳುವ ಚಟ ಬೆಳೆದಿತ್ತು.

ಆ ಸಿಪಿಯುವಿನ ಒಡತಿ ಅಂಗಡಿಗೆ ಬಂದ ದಿನ ನಾನು ಊರಿನಿಂದ ಬಂದ ಹಪ್ಪಳದ ಕಟ್ಟಿಗೆ ಸುತ್ತಿದ್ದ ಕನ್ನಡ ಪೇಪರನ್ನು ಬಿಡಿಸಿಕೊಂಡು ಓದುತ್ತಿದ್ದೆ. ಮಾಲೀಕರ ಹತ್ತಿರ ಮರಾಠಿಯಲ್ಲಿ ಮಾತಾಡುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಕನ್ನಡ ಓದಾಕ ಬರ್ತದೇನವ್ವಾ ನಿನಗ?"

ಬರುತ್ತದೆ ಎಂದೆ. ಹಾಗಾದರೆ ನಮ್ಮ ಮನೆಗೆ ಇವಳನ್ನೇ ಕಳಿಸಿ ಎಂದು ಮಾಲೀಕರಿಗೆ ಹೇಳಿ ವಿಳಾಸ ಬರೆದಿಟ್ಟು ಹೋದರು. ವಿಜಯಪುರದ ಕಡೆಯವರು. ತುರ್ಭೆಯ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ಪಾಠ ಹೇಳುತ್ತಿದ್ದರು. ಕಲಬುರಗಿ, ರಾಯಚೂರು ಕಡೆಯಿಂದ ಬಂದ ಕೂಲಿಯವರ ಮಕ್ಕಳು ಅವರನ್ನು ಅಕ್ಕೋರು ಎಂದು ಕರೆಯುತ್ತಿದ್ದರು. ನಮ್ಮ ಕರಾವಳಿಯಲ್ಲಿ ಟೀಚರ್ ಎನ್ನುವುದು ರೂಢಿ. ಆದರೂ ಎರಡನೇ ಭೇಟಿಯ ಹೊತ್ತಿಗೆ ನನ್ನ ಬಾಯಲ್ಲೂ ಅಕ್ಕೋರು ಎಂದೇ ಬರತೊಡಗಿತ್ತು.

ಅವರದು ಒಂದೇ ಕೋಣೆ, ಒಂದು ಅಡುಗೆಮನೆ. ಮದುವೆಯಾಗಿರಲಿಲ್ಲ. ಕಂಪ್ಯೂಟರನ್ನು ಗ್ಯಾಸ್ ಕಟ್ಟೆಯಿಂದ ಎರಡು ಮೊಳ ದೂರದಲ್ಲಿ, ಹಳೆಯ ಹೊಲಿಗೆ ಮಶೀನಿನ ಮೇಲೆ ಇಟ್ಟಿದ್ದರು. ಇಂಗು ಹೆಚ್ಚು ಹಾಕುವ ಕೈ. ಪೆನ್ ಡ್ರೈವ್‌ಗಳಿಂದ ಬಂದ ವೈರಸ್ ತುಂಬಿ ಯಂತ್ರ ಎತ್ತಿನಗಾಡಿಯ ಹಾಗೆ ನಡೆಯುತ್ತಿತ್ತು. ನಾನು ಸ್ವಚ್ಛ ಮಾಡಿಕೊಟ್ಟೆ. ತಿಂಗಳಾಗುವಷ್ಟರಲ್ಲಿ ಮತ್ತೆ ಅದೇ ಕಥೆ.

ಹೀಗೆ ಹೋಗಿ ಬಂದು ಮಾಡುವಾಗಲೇ ಡಿ ಡ್ರೈವ್‌ನಲ್ಲಿ ಏನಿದೆ ಎಂದು ತಿಳಿದದ್ದು. ಪ್ರತಿ ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಅಕ್ಕೋರು ಹೊಸದಾಗಿ ಬಂದ ಒಂದೊಂದೇ ಮಗುವನ್ನು ಕೂರಿಸಿ ಅಂಗೈಯಗಲದ ರೆಕಾರ್ಡರಿನಲ್ಲಿ ಅದರ ದನಿ ಹಿಡಿಯುತ್ತಿದ್ದರು. ನಿನ್ನ ಹೆಸರೇನು, ಯಾವ ಊರು, ಅವ್ವ ಅಪ್ಪ ಏನು ಮಾಡುತ್ತಾರೆ, ಇನ್ನೇನಾದರೂ ಹೇಳಬೇಕೆ. ಅಷ್ಟೇ. ಹತ್ತು ಹದಿನೈದು ಸೆಕೆಂಡಿನ ಮಾತು. ಮನೆಗೆ ಬಂದು ಅದನ್ನು ಕಂಪ್ಯೂಟರಿಗೆ ಹಾಕಿ, ಪ್ರತಿ ಫೈಲಿಗೂ ಮಗುವಿನ ಹೆಸರಿಟ್ಟು, ವರ್ಷಕ್ಕೊಂದು ಫೋಲ್ಡರ್ ಮಾಡುತ್ತಿದ್ದರು. ಹತ್ತು ವರ್ಷಗಳ ಆರುನೂರಕ್ಕೂ ಹೆಚ್ಚು ದನಿಗಳು ಅಲ್ಲಿದ್ದವು.

ಇದೆಲ್ಲ ಯಾಕೆ ಎಂದು ಕೇಳಿದ್ದೆ. ಅಕ್ಕೋರು ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಕಟ್ಟಡ ಮುಗೀತಂದ್ರ ಗುಂಪು ಮುಂದಿನ ಕಟ್ಟಡಕ್ಕ ಹೋಗ್ತದ. ಹುಡುಗೂರು ಹೇಳದs ಹೋಗಿಬಿಡ್ತಾವ. ಹಾಜರಿ ಪುಸ್ತಕದಾಗ ಹೆಸರು ಉಳೀತದ, ಹುಡುಗೂರು ಉಳ್ಯಂಗಿಲ್ಲ. ದನಿನಾದ್ರೂ ಇರ್ಲಿ ಅಂತ."

ಮೊದಮೊದಲು ಸಿಡಿಗಳಿಗೂ ಹಾಕಿಟ್ಟಿದ್ದರಂತೆ. ಇಲ್ಲಿನ ಮಳೆಗಾಲದ ತೇವಕ್ಕೆ ಅವೆಲ್ಲ ಬೂಸ್ಟು ಹಿಡಿದು ಹಾಳಾಗಿದ್ದವು. ಡಿ ಡ್ರೈವ್ ಬಿಟ್ಟರೆ ಅವು ಬೇರೆಲ್ಲೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲಿದ್ದಾಗ ಒಬ್ಬ ಹೆಂಗಸು ಬಂದರು. ಮೂವತ್ತು ದಾಟಿರಲಿಕ್ಕಿಲ್ಲ. ತುರ್ಭೆಯ ಈರುಳ್ಳಿ ಮಾರ್ಕೆಟಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸ, ರಾಯಚೂರು ಕಡೆಯವರು. ಕುರ್ಚಿ ಕೊಟ್ಟರೂ ಕೂರದೆ ನೆಲದ ಮೇಲೆ, ಹೊಲಿಗೆ ಮಶೀನಿಗೆ ತಾಗಿ ಕೂತರು. ಅಕ್ಕೋರು ಏನೂ ಕೇಳದೆ ಒಂದು ಫೈಲನ್ನು ಒತ್ತಿದರು. ನಾನು ಗ್ಯಾಸ್ ಕಟ್ಟೆಯ ಹತ್ತಿರ ಚಹಾಕ್ಕೆ ನೀರಿಟ್ಟಿದ್ದೆ. ಒಲೆಯ ಮತ್ತು ಫ್ಯಾನಿನ ಸದ್ದಿನಲ್ಲಿ ಮಾತು ಬಿಡಿಸಿ ಕೇಳಲಿಲ್ಲ. ಯಾವುದೋ ಮಗು ಗಡಿಬಿಡಿಯಲ್ಲಿ ಪಾಠ ಒಪ್ಪಿಸಿದ ಹಾಗೆ ಕೇಳಿತು, ಅಷ್ಟೇ. ಅಕ್ಕೋರು ಅದನ್ನೇ ಮೂರು ಸಲ ಹಾಕಿದರು. ಆ ತಾಯಿ ಚಹಾ ಕುಡಿದು, ಲೋಟ ತೊಳೆದಿಟ್ಟು, ಬರ್ತೀನ್ರಿ ಎಂದು ಹೇಳಿ ಹೋದರು.

ಮೂರನೇ ಇಯತ್ತೆಯಲ್ಲಿದ್ದ ಆಕೆಯ ಮಗಳು ಹಿಂದಿನ ವರ್ಷದ ಮಳೆಗಾಲದಲ್ಲಿ ದಮ್ಮು ಹತ್ತಿ ತೀರಿಕೊಂಡಿದ್ದಳು. ಅಂದಿನಿಂದ ಒಂದು ಭಾನುವಾರವೂ ತಪ್ಪಿರಲಿಲ್ಲ. ಮೊಬೈಲಿಗೆ ಹಾಕಿಕೊಡಬಹುದಲ್ಲ ಎಂದು ನಾನು ಬುದ್ಧಿವಂತಿಕೆಯಿಂದ ಹೇಳಿದೆ. ಅಕ್ಕೋರು ಅದನ್ನು ಮೊದಲೇ ಕೇಳಿದ್ದರಂತೆ. ಆ ತಾಯಿ ಬೇಡವೆಂದಿದ್ದರು. "ಮನ್ಯಾಗ ಇತ್ತಂದ್ರ ದಿನಾ ಅದನ್ನೇ ಕೇಳ್ಕೋತ ಕುಂದರ್ತೀನ್ರಿ, ಕೆಲಸಕ್ಕ ಹೋಗಲ್ಲ. ಇಲ್ಲೇ ಇರ್ಲಿ" ಎಂದಿದ್ದರಂತೆ.

ಹೊಸ ಸಿಸ್ಟಮ್ ಹಾಕೋಣ ಎಂದು ಹಟ ಹಿಡಿದವಳು ನಾನೇ. ಅವರ ಹಳೆಯ ವಿಂಡೋಸ್‌ಗೆ ಇನ್ನು ಮುಂದೆ ರಕ್ಷಣೆ ಸಿಗುವುದಿಲ್ಲ, ಲಿನಕ್ಸ್ ಎಂಬ ಉಚಿತ ಸಿಸ್ಟಮ್ ಹಾಕಿದರೆ ವೈರಸ್ ಕಾಟವಿಲ್ಲ, ಹಳೆಯ ಯಂತ್ರವೂ ಓಡುತ್ತದೆ, ಕನ್ನಡದಲ್ಲೇ ಟೈಪ್ ಮಾಡಬಹುದು ಎಂದೆಲ್ಲ ಹೇಳಿದೆ. ಕೊನೆಯ ಮಾತಿಗೆ ಅವರು ಮನಸೋತರು. ಅವರ ಹಾರ್ಡ್ ಡಿಸ್ಕಿನಲ್ಲಿ ಮೂರು ಭಾಗಗಳಿದ್ದವು. ಸಿ ಎಂಬುದರಲ್ಲಿ ಹಳೆಯ ವಿಂಡೋಸ್, ಡಿ ಎಂಬುದರಲ್ಲಿ ಮಕ್ಕಳ ದನಿ, ಇ ಎಂಬುದು ಖಾಲಿ. ಖಾಲಿ ಇದ್ದದ್ದರಲ್ಲಿ ಲಿನಕ್ಸ್ ಕೂರಿಸುವುದು ನನ್ನ ಯೋಚನೆ. ಮಕ್ಕಳ ಪಾಠದಷ್ಟು ಸುಲಭ.

"ಹುಡುಗೂರ ದನಿ ಬ್ಯಾರೆ ಕಡೆ ಒಂದು ನಕಲು ತಗದಿಡೂದು ಬ್ಯಾಡೇನು?" ಎಂದು ಅಕ್ಕೋರು ಶುರು ಮಾಡುವ ಮುಂಚೆ ಕೇಳಿದರು.

"ಹೆದರಬೇಡಿ ಅಕ್ಕೋರೇ, ಡಿ ಡ್ರೈವ್ ಮುಟ್ಟುವುದೇ ಇಲ್ಲ" ಎಂದೆ.

ಶಾಲೆಗೆ ರಜೆಯಿದ್ದ ಒಂದು ಸೋಮವಾರ ಮಧ್ಯಾಹ್ನ. ಅಕ್ಕೋರು ನನ್ನ ಹಿಂದಿನ ಕುರ್ಚಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದರು. ಹೊಸ ಸಿಸ್ಟಮ್‌ನ ಸಿಡಿ ಓಡಿ, ಎಲ್ಲಿ ಕೂರಲಿ ಎಂದು ಕೇಳುವ ಪಟ್ಟಿ ಬಂತು. ಅಲ್ಲಿ ಸಿ, ಡಿ, ಇ ಎಂಬ ಹೆಸರುಗಳೇ ಇರಲಿಲ್ಲ. ಬರೀ ಅಂಕಿಗಳು. ಒಂದು, ಐದು, ಆರು. ಐದು ಮತ್ತು ಆರರ ಅಳತೆ ಒಂದೇ. ಡಿ ಮೊದಲು, ಇ ಆಮೇಲೆ, ಹಾಗಾಗಿ ಐದು ಎಂದರೆ ಡಿ, ಆರು ಎಂದರೆ ಇ ಎಂದುಕೊಂಡು ಆರನ್ನು ಆರಿಸಿದೆ. ಹಿಂದೆ ಯಾರೋ ಡಿಸ್ಕನ್ನು ಭಾಗ ಮಾಡುವಾಗ ಹಿಂದುಮುಂದಾಗಿ ಮಾಡಿದ್ದರು, ಆರು ಎಂಬುದೇ ಡಿ ಆಗಿತ್ತು. ಇದು ಆಮೇಲೆ ತಿಳಿದದ್ದು. ಆದರೆ ಅದು ನನಗೆ ನೆಪವಾಗಲಾರದು. ಪ್ರತಿ ಭಾಗದ ಎದುರಿಗೂ ಅದರಲ್ಲಿ ಎಷ್ಟು ತುಂಬಿದೆ ಎಂದು ಬರೆದಿತ್ತು. ಕಣ್ಣು ಒಂದಿಷ್ಟು ಬಲಕ್ಕೆ ಸರಿಸಿದ್ದರೆ ಸಾಕಿತ್ತು. ಸರಿಸಲಿಲ್ಲ. ಈ ಭಾಗದಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದೆ.

ಅರ್ಧ ಗಂಟೆಯಲ್ಲಿ ಹೊಸ ಪರದೆ ಬಂತು. ಕನ್ನಡ ಅಕ್ಷರಗಳನ್ನು ನೋಡಿ ಅಕ್ಕೋರು ತಮ್ಮ ಹೆಸರನ್ನು ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಬರೆದರು. ಆಮೇಲೆ, ಹುಡುಗೂರನ್ನ ತಗಿ ನೋಡೂಣು ಎಂದರು.

ತೆಗೆದೆ. ಒಂದು ಭಾಗದಲ್ಲಿ ವಿಂಡೋಸ್ ಇತ್ತು. ಇನ್ನೊಂದು ಭಾಗ ಖಾಲಿ. ಮತ್ತೊಮ್ಮೆ ತೆಗೆದೆ. ಖಾಲಿ. ಅಷ್ಟರಲ್ಲಿ ಕರೆಂಟ್ ಹೋಯಿತು. ಆ ವಾರವೆಲ್ಲ ರಸ್ತೆ ಅಗೆಯುತ್ತಿದ್ದರು, ಹೋಗಿ ಬಂದು ಆಗುತ್ತಿತ್ತು. ಫ್ಯಾನ್ ನಿಂತು ಮನೆಯೆಲ್ಲ ನಿಶ್ಶಬ್ದವಾಯಿತು. ಅಕ್ಕೋರು ನನ್ನ ಮುಖವನ್ನೇ ನೋಡುತ್ತಿದ್ದರು.

"ಕರೆಂಟ್ ಹೋಗಿದ್ದಕ್ಕ ಏನರ ಹೆಚ್ಚುಕಡಿಮಿ ಆತೇನವ್ವಾ?" ಎಂದರು.

"ಹೌದು ಅಕ್ಕೋರೇ. ಅದಕ್ಕೇ" ಎಂದೆ.

ಹಾರ್ಡ್ ಡಿಸ್ಕ್ ಬಿಚ್ಚಿ ಅಂಗಡಿಗೆ ತಂದೆ. ಅಳಿಸಿದ ಕೂಡಲೇ ಎಲ್ಲವೂ ನಿಜವಾಗಿ ಅಳಿಯುವುದಿಲ್ಲ, ಅದರ ಮೇಲೆ ಹೊಸದನ್ನು ಬರೆದಾಗ ಮಾತ್ರ ಹೋಗುತ್ತದೆ ಎಂದು ಕಲಿತಿದ್ದೆ. ನಾನು ಹೊಸ ಸಿಸ್ಟಮನ್ನೇ ಅದರ ಮೇಲೆ ಬರೆದಿದ್ದೆ. ಆದರೂ ಅದು ಜಾಗವನ್ನೆಲ್ಲ ತುಂಬಿರಲಿಲ್ಲ. ಉಳಿದದ್ದನ್ನು ಹೆಕ್ಕುವ ಒಂದು ಪ್ರೋಗ್ರಾಮನ್ನು ಎರಡು ದಿನ ಓಡಿಸಿದೆ. ಫೈಲುಗಳು ಬರತೊಡಗಿದವು. ನಾಲ್ಕುನೂರಕ್ಕೂ ಹೆಚ್ಚು. ಆದರೆ ಒಂದಕ್ಕೂ ಹೆಸರಿಲ್ಲ. ಯಾವ ಮಗು, ಯಾವ ವರ್ಷ, ಏನೂ ಇಲ್ಲದೆ ಉದ್ದುದ್ದ ಅಂಕಿಗಳು ಮಾತ್ರ.

ಆ ವಾರ ದಿನಾ ಸಂಜೆ ಅಂಗಡಿಯ ಯಂತ್ರವೊಂದನ್ನು ತಂದು ಅವರ ಮನೆಯಲ್ಲಿ ಕೂತೆವು. ನಾನು ಒತ್ತುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳಿ ಹೆಸರು ಹೇಳುತ್ತಿದ್ದರು. ಮಕ್ಕಳು ಹೆಸರು ಹೇಳುವ ಮುಂಚೆಯೇ ಅವರಿಗೆ ತಿಳಿದುಬಿಡುತ್ತಿತ್ತು. ಇವನ ಅಪ್ಪ ಸೆಂಟ್ರಿಂಗ್ ಕೆಲಸದಾವ. ಇಕಿ ಭಾಳ ಅಂಜುಬುರುಕಿ. ಇವ ಎರಡು ದಿನ ಬಂದು ಹೋದಾವ... ಕೆಲವು ದನಿಗಳು ಮುರಿದಿದ್ದವು. ಒಬ್ಬ ಹುಡುಗ ನನ್ನ ಹೆಸರು ಎಂದು ಶುರು ಮಾಡುತ್ತಿದ್ದ, ಕರಕರ ಸದ್ದಾಗಿ, ಇನ್ನಾವುದೋ ವರ್ಷದ ಒಬ್ಬ ಹುಡುಗಿ ಅವನ ಮಾತನ್ನು ಮುಗಿಸುತ್ತಿದ್ದಳು. ಅಂಥದ್ದು ಬಂದಾಗ ಅಕ್ಕೋರು ಕಣ್ಣು ತೆರೆದು ಪರದೆಯನ್ನು ನೋಡುತ್ತಿದ್ದರು, ಅಲ್ಲಿ ಯಾರೋ ಇದ್ದಾರೆ ಎಂಬಂತೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ನನ್ನ ಕಿವಿಯೊಳಗೆ ಆ ಮಕ್ಕಳು ಒಬ್ಬರ ಮಾತಿಗೆ ಒಬ್ಬರು ಸೇರಿಕೊಂಡು ಹೆಸರು ಹೇಳುತ್ತಲೇ ಇದ್ದರು.

ಶನಿವಾರದವರೆಗೂ ಆ ಹುಡುಗಿ ಸಿಗಲಿಲ್ಲ. ಭಾನುವಾರ ಆ ತಾಯಿ ಬಂದು ನೆಲದ ಮೇಲೆ ಕೂತರು. ಅಕ್ಕೋರು ತಾವೂ ಕುರ್ಚಿಯಿಂದಿಳಿದು ಅವರ ಎದುರು ಕೂತರು.

"ನಾ ಒಂದು ತಪ್ಪು ಮಾಡೀನವ್ವಾ. ಕಂಪ್ಯೂಟರ್ ಬದಲಿ ಮಾಡಿಸಾಕ ಹೋಗಿ ನಿನ್ನ ಮಗಳ ದನಿ ನನ್ನ ಕೈಯಾಗ ಕಳದೈತಿ. ಹುಡುಕಾಕತ್ತೀವಿ. ಸಿಗತದೋ ಇಲ್ಲೋ ಗೊತ್ತಿಲ್ಲ."

ಕರೆಂಟಿನ ಮಾತು ಅವರು ಎತ್ತಲೇ ಇಲ್ಲ. ನಾನು ಗ್ಯಾಸ್ ಕಟ್ಟೆಯ ಹತ್ತಿರ ನಿಂತಿದ್ದೆ, ಚಹಾ ಸೋಸುವ ಜರಡಿ ಕೈಯಲ್ಲಿತ್ತು. ಆಗ ಬಾಯಿ ಬಿಡಬೇಕಿತ್ತು. ಎರಡು ಹೆಜ್ಜೆ ಮುಂದೆ ಬಂದು, ಅವರದಲ್ಲ, ನನ್ನ ತಪ್ಪು ಎನ್ನಬೇಕಿತ್ತು. ಲೋಟಗಳಿಗೆ ಚಹಾ ಬಗ್ಗಿಸಿದೆ.

ಆ ತಾಯಿ ಅಳಲಿಲ್ಲ. ತಮ್ಮ ಅಂಗೈ ನೋಡಿಕೊಂಡರು. ಆಮೇಲೆ, "ನಾನೂ ಕುಂತು ಕೇಳ್ಲೇನ್ರಿ? ಅಕಿ ದನಿ ನನಗ ತಿಳೀತದ" ಎಂದರು.

ಮುಂದಿನ ನಾಲ್ಕು ಭಾನುವಾರ ನಾವು ಮೂವರೂ ಕೂತು ಕೇಳಿದೆವು. ಬೇರೆ ಬೇರೆ ತಾಯಂದಿರ ಮಕ್ಕಳು ಒಬ್ಬೊಬ್ಬರಾಗಿ ಬಂದು ಹೋಗುತ್ತಿದ್ದರು. ಕೆಲವೊಮ್ಮೆ ಆಕೆ ನಗುತ್ತಿದ್ದರು, ಈ ಹುಡುಗ ನಮ್ಮ ಪಕ್ಕದ ಜೋಪಡ್ಯಾಗ ಇದ್ದ ನೋಡ್ರಿ ಎನ್ನುತ್ತಿದ್ದರು. ಅಕ್ಕೋರು ಮಾತ್ರ ದಿನದಿನಕ್ಕೆ ಇಳಿದುಹೋಗುತ್ತಿದ್ದರು. ಊಟ ಸೇರುತ್ತಿರಲಿಲ್ಲ. ತರಗತಿಯಲ್ಲಿ ಹಾಜರಿ ಕೂಗುವಾಗ ಒಂದು ದಿನ ದನಿ ಹೊರಡದೆ ನಿಂತುಬಿಟ್ಟೆ ಎಂದು ನನಗೆ ಹೇಳಿದ್ದರು.

ನಾಲ್ಕನೇ ಭಾನುವಾರ ಒಂದು ಮುರುಕು ಫೈಲ್ ಬಂತು. ಅಕ್ಕೋರ ದನಿ, "ಹೂಂ, ಹೇಳವ್ವಾ." ಆಮೇಲೆ ಒಂದು ಮಗು ಉಸಿರು ಎಳೆದುಕೊಂಡ ಸದ್ದು. ಉದ್ದನೆಯ ಉಸಿರು, ಕೊನೆಗೆ ಸಣ್ಣ ಸೀಟಿ ಹೊಡೆದಂತೆ. ಅಷ್ಟೇ. ಮುಂದೆ ಕರಕರ ಸದ್ದು. ಮಾತು ಶುರುವಾಗುವಲ್ಲಿಗೇ ಕಡಿದಿತ್ತು.

ಆ ತಾಯಿ ಕೈ ಎತ್ತಿದರು. "ಅಕಿನೇ ಅದಾಳ್ರಿ" ಎಂದರು. "ದಮ್ಮಿತ್ತಲ್ರಿ ಅಕಿಗಿ. ಹಿಂಗs ಉಸರು ತಗೊತಿದ್ಳು."

ಆಕೆ ಮತ್ತು ಅಕ್ಕೋರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಕ್ಕೋರು, "ಹೌದವ್ವಾ, ಅಕಿನೇ" ಎಂದು ನನ್ನ ಕಡೆ ತಿರುಗಿ, ಹೆಸರು ಹಾಕು ಎಂದರು. ನಾನು ಆ ಉಸಿರಿಗೆ ಹುಡುಗಿಯ ಹೆಸರಿಟ್ಟೆ. ನನಗಾದ ನಿರಾಳವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆ ಮಧ್ಯಾಹ್ನ ಅಕ್ಕೋರು ಎರಡು ರೊಟ್ಟಿ ತಿಂದರು, ಆ ತಾಯಿಯೇ ಮುಂದೆ ಕೂತು ಬಡಿಸಿದರು.

ಆಮೇಲೆ ನಾಲ್ಕೈದು ವಾರ ಆಕೆ ಬಂದರು. ಮೂರು ಸಲ ಆ ಉಸಿರನ್ನು ಕೇಳಿ, ಚಹಾ ಕುಡಿದು ಹೋಗುತ್ತಿದ್ದರು. ಒಂದು ಭಾನುವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಗಂಡನ ಕೆಲಸ ಬೇರೆ ಕಡೆ ಬಿದ್ದಿತು, ಮಕ್ಕಳಿಲ್ಲದ ಸಂಸಾರ, ಗಂಟುಮೂಟೆ ಎತ್ತಿಕೊಂಡು ಹೋದರು ಎಂದು ಶಾಲೆಗೆ ಬರುವ ಯಾರೋ ಹೇಳಿದರಂತೆ.

ಎರಡು ವರ್ಷದ ನಂತರ ಅಕ್ಕೋರು ನಿವೃತ್ತರಾಗಿ ವಿಜಯಪುರದ ತಂಗಿಯ ಮನೆಗೆ ಹೊರಟರು. ಸಾಮಾನು ಕಟ್ಟಲು ಹೋಗಿದ್ದೆ. ಅಷ್ಟು ದಿನ ಮುಚ್ಚಿಟ್ಟಿದ್ದುದನ್ನು ಅಂದು ಹೇಳಿಬಿಟ್ಟೆ. ಅಕ್ಕೋರೇ, ಆ ದಿನ ಕರೆಂಟ್ ಹೋದದ್ದಕ್ಕೆ ಆದದ್ದಲ್ಲ. ಅದಕ್ಕಿಂತ ಮುಂಚೆಯೇ ನಾನು ತಪ್ಪು ಭಾಗವನ್ನು ಅಳಿಸಿದ್ದೆ.

ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದವರು ತಲೆ ಎತ್ತಲಿಲ್ಲ. "ಗೊತ್ತದ. ನಿನ್ನ ಹಿಂದs ಕುಂತಿದ್ದೆನಲ್ಲ" ಎಂದರು. ಇನ್ನೊಂದು ಪಾತ್ರೆ ಸುತ್ತಿಟ್ಟು, "ನೀ ಅಂಜೀದಿ ಅನಸ್ತು, ಅದಕ್ಕ ಕರೆಂಟಿನ ಮಾತು ತಗದೆ. ಇಪ್ಪತ್ತೈದು ವರ್ಷ ಹುಡುಗೂರ ಮುಖ ನೋಡೀನಿ. ಆದ್ರ ನನಗ ಹೇಳಿ ಏನು ಬಂತು? ಆಕೀಗೆ ಹೇಳಬೇಕಿತ್ತು ನೀ" ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದು ಆಗಲೇ ಅನಿಸಿತ್ತು.

ಹೊರಡುವಾಗ ಆ ಹಳೆಯ ಹಾರ್ಡ್ ಡಿಸ್ಕನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ನನಗೇ ಕೊಟ್ಟರು. ನಾನು ಮುಂದಿನ ಭಾನುವಾರವೇ ತುರ್ಭೆಗೆ ಹೋಗಿ ವಿಚಾರಿಸಿದೆ. ಆ ತಾಯಿ ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ. ಮತ್ತೊಂದು ಸಲ ಹೋಗಬೇಕು ಎಂದುಕೊಂಡೆ. ಹೋಗಲಿಲ್ಲ.

ಅಕ್ಕೋರು ಐದು ವರ್ಷಗಳ ಹಿಂದೆ ವಿಜಯಪುರದಲ್ಲೇ ತೀರಿಕೊಂಡರು. ತಂಗಿ ಫೋನ್ ಮಾಡಿ ತಿಳಿಸುವ ಹೊತ್ತಿಗೆ ತಿಂಗಳು ಕಳೆದಿತ್ತು. ಅವರ ದನಿಯನ್ನು ಕೇಳಬೇಕೆನಿಸಿದರೆ ನನ್ನ ಹತ್ತಿರ ನಾಲ್ಕುನೂರು ಕಡೆ ಇದೆ. ಎಲ್ಲ ಕಡೆಯೂ ಒಂದೇ ಮಾತು, ಹೂಂ, ಹೇಳವ್ವಾ, ಹೂಂ, ಹೇಳಪ್ಪಾ...

ಕಳೆದ ತಿಂಗಳು ಆ ಇಂಗಿನ ವಾಸನೆ ಬಂದ ದಿನ ಮನೆಗೆ ಬಂದು ಡಬ್ಬಿ ತೆರೆದೆ. ಇಷ್ಟು ವರ್ಷಗಳಲ್ಲಿ ಈ ಕೆಲಸದಲ್ಲಿ ಒಂದಿಷ್ಟು ಕಲಿತಿದ್ದೇನೆ. ಅಂದು ನಾನು ಓಡಿಸಿದ ಪ್ರೋಗ್ರಾಮ್ ಫೈಲಿನ ಮೊದಲ ಗುರುತನ್ನು ಹಿಡಿದು ಹುಡುಕುವಂಥದ್ದು. ಆ ಗುರುತು ಅಳಿಸಿಹೋದ ಫೈಲುಗಳು ಅದರ ಕಣ್ಣಿಗೆ ಬೀಳುವುದಿಲ್ಲ. ತಲೆಯಿಲ್ಲದೆ, ಬರೀ ದನಿಯಾಗಿ, ಡಿಸ್ಕಿನ ಮೂಲೆಯಲ್ಲಿ ಬಿದ್ದಿರುತ್ತವೆ. ಈ ಸಲ ಡಿಸ್ಕಿನ ಪೂರ್ತಿ ನಕಲು ತೆಗೆದುಕೊಂಡು, ಖಾಲಿ ಎಂದು ತೋರಿಸುವ ಜಾಗವನ್ನೆಲ್ಲ ನೇರವಾಗಿ ದನಿಯಂತೆಯೇ ಓದಿಸಿದೆ. ಬಹುಪಾಲು ಬರೀ ಭೋರ್ಗರೆತ. ಮೂರು ವಾರ ರಜೆಯ ದಿನಗಳೆಲ್ಲ ಅದನ್ನು ಕೇಳುವುದರಲ್ಲೇ ಹೋದವು. ಎಂಟು ಮಕ್ಕಳು ಸಿಕ್ಕರು. ಏಳನೆಯವಳು ಆ ಹುಡುಗಿ.

ಅಕ್ಕೋರು, ಹೂಂ, ಹೇಳವ್ವಾ ಎನ್ನುತ್ತಾರೆ. ಅವರು ಮಾತು ಮುಗಿಸುವ ಮುಂಚೆಯೇ ಅವಳು ಶುರು ಮಾಡಿಬಿಡುತ್ತಾಳೆ. ಗಡಿಬಿಡಿ, ಒಂದೇ ಓಟ. ತನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು. "ನಮ್ಮವ್ವ ಉಳ್ಳಾಗಡ್ಡಿ ಆರಸ್ತಾಳ. ಆಕೀ ಕೈ ಗಮ್ಮ್ ಅಂತಾವ. ಆದ್ರೂ ನಾ ಆಕೀ ಕೈಲೇ ಉಣ್ಣಾದು." ಆಮೇಲೆ ಒಂದು ನಗೆ, ಹಿಂದೆ ಅಕ್ಕೋರ ನಗೆಯೂ. ಹದಿಮೂರು ಸೆಕೆಂಡು. ಎಲ್ಲಿಯೂ ದಮ್ಮಿಲ್ಲ, ಸೀಟಿಯಿಲ್ಲ. ಜೂನ್‌ನಲ್ಲಿ ಹಿಡಿದ ದನಿ ಅದು. ದಮ್ಮು ಹತ್ತಿದ್ದು ಆಮೇಲೆ.

ಮೊದಲ ಸಲ ಕೇಳಿದಾಗ ಸಿಕ್ಕಳಲ್ಲ ಎಂಬ ಸಂತೋಷವೇ ದೊಡ್ಡದಾಗಿತ್ತು. ಎರಡನೇ ಸಲ ಕೇಳುವಾಗ ಅರ್ಧಕ್ಕೇ ನಿಲ್ಲಿಸಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲ, ವಾರ ವಾರ ಮೂರು ಸಲ ಇದನ್ನು ಕೇಳಿದ್ದ ತಾಯಿಗೆ, ಮಗಳು ಉಸಿರು ತೆಗೆದುಕೊಳ್ಳದೆಯೇ ಮಾತು ಶುರು ಮಾಡುತ್ತಾಳೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಉಸಿರು ಬೇರೆ ಯಾರದೋ ಮಗುವಿನದು ಎಂದು ಆಕೆಗೆ ಗೊತ್ತಿತ್ತು. ಅನ್ನ ಬಿಟ್ಟು ಕೂತಿದ್ದ ಅಕ್ಕೋರನ್ನು ನೋಡಿ, ಸಾಕು, ಇನ್ನು ಹುಡುಕಬೇಡಿ ಎಂದು ಹೇಳುವುದಕ್ಕೆ ಆಕೆಗೆ ಸಿಕ್ಕ ಮಾತು ಅದೊಂದೇ. ಆಮೇಲೆ ನಾಲ್ಕೈದು ಭಾನುವಾರ ಬಂದು, ಪರರ ಮಗುವಿನ ಉಸಿರನ್ನು ಮೂರು ಮೂರು ಸಲ ಕೇಳಿ, ಲೋಟ ತೊಳೆದಿಟ್ಟು ಹೋದದ್ದು... ಅದನ್ನು ಯೋಚಿಸಲು ಹೋದರೆ ಮನಸ್ಸು ಅಲ್ಲಿಗೇ ನಿಂತುಬಿಡುತ್ತದೆ. ಅಕ್ಕೋರಿಗೂ ತಿಳಿದಿತ್ತೇ? ಇಬ್ಬರೂ ಮುಖ ನೋಡಿಕೊಂಡದ್ದು ನನಗೆ ನೆನಪಿದೆ. ಕೇಳೋಣವೆಂದರೆ ಅಕ್ಕೋರಿಲ್ಲ. ಮತ್ತೆ, ಆ ಉಸಿರಿನ ಮಗು ಯಾವುದು? ಅದರ ಹೆಸರು ಏನಿತ್ತು? ನಾನು ಅದರ ಮೇಲೆ ಇನ್ನೊಂದು ಹೆಸರು ಬರೆದಿಟ್ಟಿದ್ದೇನೆ.

ಮೊನ್ನೆ ಭಾನುವಾರ ತುರ್ಭೆಗೆ ಹೋದೆ. ಆಗಿದ್ದ ಜೋಪಡಿಗಳ ಅರ್ಧ ಭಾಗ ಈಗ ಇಲ್ಲ, ಅಲ್ಲಿ ಗೋದಾಮು ಎದ್ದಿದೆ. ಉಳಿದ ಕಡೆ ಹುಡುಗರನ್ನು ಕನ್ನಡದಲ್ಲಿ ಮಾತಾಡಿಸಿದರೆ ಹಿಂದಿಯಲ್ಲಿ ಉತ್ತರ ಕೊಟ್ಟರು. ಒಬ್ಬ ಹುಡುಗಿ ನನ್ನನ್ನು ತನ್ನ ಅಜ್ಜಿಯ ಹತ್ತಿರ ಕರೆದುಕೊಂಡು ಹೋದಳು. ಅಜ್ಜಿ ನಲ್ಲಿಯ ಹತ್ತಿರ ಕೊಡ ತಿಕ್ಕುತ್ತಿದ್ದರು. ನಾನು ಆ ಹುಡುಗಿಯ ಹೆಸರು ಹೇಳಿದೆ, ಅಪ್ಪನ ಹೆಸರು, ಊರು ಹೇಳಿದೆ. ಈ ಸಲ ನನ್ನ ಹತ್ತಿರ ಊರಿನ ಹೆಸರಿತ್ತು.

ಅಜ್ಜಿ ತಿಕ್ಕುವುದನ್ನು ನಿಲ್ಲಿಸಿದರು. "ದಮ್ಮು ಹತ್ತಿ ಒಂದು ಹೆಣ್ಣಕೂಸು ಹೋತು ನೋಡ್ರಿ, ಅವರs ಏನು? ಅವರು ತಳೋಜಾ ಕಡಿ ಹೋದ್ರು. ಅಲ್ಲಿಂದ ಎಲ್ಲಿಗಿ ಹೋದ್ರೋ ಏನೋ. ಊರಿಗೂ ಬಂದಿಲ್ಲಂತ." ಕೊಡವನ್ನು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವು ಆಕಿಗಿ ಏನಾಗಬೇಕ್ರಿ?"

"ಆಕೆಯ ಒಂದು ವಸ್ತು ನನ್ನ ಕೈಯಲ್ಲಿ ಕಳೆದುಹೋಗಿತ್ತು" ಎಂದೆ. "ಆಕೆಗೆ ನಾನು ಅದನ್ನು ಹೇಳಿರಲಿಲ್ಲ."

ಅಷ್ಟು ವರ್ಷಗಳಲ್ಲಿ ಅಕ್ಕೋರನ್ನು ಬಿಟ್ಟು ಬೇರೆಯವರ ಮುಂದೆ ನಾನು ಆ ಮಾತನ್ನು ಹೇಳಿದ್ದು ಅದೇ ಮೊದಲು. ಅಜ್ಜಿ ತಲೆಯಾಡಿಸಿ, ಕೊಡಕ್ಕೆ ನೀರು ಹಿಡಿಯತೊಡಗಿದರು. ಅದು ತುಂಬುವವರೆಗೆ ಅಲ್ಲೇ ನಿಂತಿದ್ದು, ಕೊಡಕ್ಕೆ ಒಂದು ಕೈ ಕೊಟ್ಟು ಅವರ ತಲೆಯ ಮೇಲೆ ಹೊರಿಸಿ, ತಳೋಜಾಕ್ಕೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿದೆ.